ಕಾಲುವೆಯ ತಳದಲ್ಲಿ ಹನ್ನೆರಡು ಫೋಟೋ

ಒಂದು ಸಲ ಕಟಕ್ ಅನ್ನಿಸಿದರೆ ಒಂದು ಊಟದ ರೊಕ್ಕ ಹೋಯಿತೆಂದು ತಿಳಿಯಿರಿ. ಊಟವೆಂದರೆ ಖಾನಾವಳಿಯ ಪೂರ್ತಿ ಊಟ. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಬ್ಯಾಳಿ, ಮೊಸರು, ಪಕ್ಕದಲ್ಲಿ ಶೇಂಗಾ ಹಿಂಡಿ. ನನ್ನ ಹಳೆಯ ಕ್ಯಾಮೆರಾಕ್ಕೆ ಹಾಕುವ ರೀಲಿನ ಬೆಲೆ ಇವತ್ತು ಅಲ್ಲಿಗೆ ಬಂದು ನಿಂತಿದೆ. ರೀಲು ಬೆರಳಿನಷ್ಟು ಉದ್ದ, ಅದರಲ್ಲಿ ಹನ್ನೆರಡೇ ಫೋಟೋ. ರೀಲಿನ ಕಿಮ್ಮತ್ತು, ಅದನ್ನು ತೊಳೆಸುವ ಖರ್ಚು, ಟಪಾಲಿನ ಖರ್ಚು ಎಲ್ಲ ಕೂಡಿಸಿ ಹನ್ನೆರಡಕ್ಕೆ ಹಂಚಿದರೆ, ಪ್ರತಿಯೊಂದು ಫೋಟೋ ಒಂದು ತಾಟು ಉಂಡು, ತೇಗಿ, ಎದ್ದು ಹೋಗುತ್ತದೆ.

ಈ ಲೆಕ್ಕ ನನ್ನದಲ್ಲ. ನನ್ನ ಅಣ್ಣನ ಮಗಳು ರೇಖಾಳದು. ಯಾದಗಿರಿಯಲ್ಲೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಭಾನುವಾರ ಬಂತೆಂದರೆ ನಮ್ಮ ಮನೆಗೆ ಬಂದು, 'ಅತ್ತಿ, ಇದ್ಯಾಕ ಬೇಕು, ಅದ್ಯಾಕ ಬೇಕು' ಎನ್ನುತ್ತ ಟ್ರಂಕು ಖಾಲಿ ಮಾಡುವುದು ಅವಳ ಹವ್ಯಾಸ. ಹಾಗೆ ಒಂದು ಭಾನುವಾರ ಹಳೆಯ ಲಂಗದಲ್ಲಿ ಸುತ್ತಿಟ್ಟಿದ್ದ ಈ ಎರಡು ಕಣ್ಣಿನ ಡಬ್ಬಿ ಕ್ಯಾಮೆರಾ ಅವಳ ಕೈಗೆ ಸಿಕ್ಕಿತು. ಇದನ್ನು ಮಾತ್ರ ಅವಳು 'ಯಾಕ ಬೇಕು' ಎನ್ನಲಿಲ್ಲ. ಮೊಬೈಲಿನಲ್ಲಿ ಏನೋ ಹುಡುಕಿದಳು.

"ಅತ್ತಿ, ಇದರ ರೀಲು ಇನ್ನೂ ಮಾಡ್ತಾರಂತ ನೋಡು."

"ಯಾರ್ ಮಾಡ್ತಾರ? ಇದರ ಜೋಡಿ ಹುಟ್ಟಿದವ್ರೆಲ್ಲ ಪೆನ್ಶನ್ ತಗೊಳ್ಳಾಕತ್ತಾರ."

"ಹೊರದೇಶದಾಗ ಮಾಡ್ತಾರ. ತರಸ್ತೀನಿ ತಡಿ."

"ಎಷ್ಟಂತ?"

ಅವಳು ಹೇಳಿದಳು. ನಾನು ಮೊದಲೇ ಕುಳಿತಿದ್ದೆ. ಇಲ್ಲದಿದ್ದರೆ ಆಗ ಕುಳಿತುಕೊಳ್ಳುತ್ತಿದ್ದೆ. ಬೇಡವೇ ಬೇಡವೆಂದೆ. ಬೇಡವೆಂದದ್ದು ಬಾಯಿ ಮಾತ್ರ ಎಂದು ಅವಳಿಗೆ ಗೊತ್ತಾಗಿರಬೇಕು. ಮುಂದಿನ ವಾರ ರೀಲು ಬಂತು.

ನಿಜ ಹೇಳಬೇಕೆಂದರೆ ರೀಲು ಚೆನ್ನಾಗಿದೆ. ಬೆಲೆಯನ್ನು ಬಯ್ದ ಬಾಯಲ್ಲೇ ಗುಣವನ್ನೂ ಹೇಳಬೇಕು. ನಮ್ಮ ಕಾಲದ ರೀಲು ಹಟಮಾರಿ ಚಾಪೆಯ ಹಾಗಿತ್ತು, ಬಿಚ್ಚಿದಷ್ಟೂ ಸುರುಳಿ ಸುತ್ತುತ್ತಿತ್ತು. ಇದು ಹೇಳಿದ ಕಡೆ ನೆಟ್ಟಗೆ ಮಲಗುತ್ತದೆ. ಆಗಿನ ಫೋಟೋ ದೊಡ್ಡದು ಮಾಡಿಸಿದರೆ ಮುಖದ ಮೇಲೆ ಜೋಳದ ನುಚ್ಚು ಚೆಲ್ಲಿದಂತೆ ಕಾಣುತ್ತಿತ್ತು. ಈಗಿನದು ಎರಡು ಸಲ ಜರಡಿ ಹಿಡಿದ ಹಿಟ್ಟು. ಒಂದೇ ದೂರು. ಈ ಕ್ಯಾಮೆರಾದ ಬೆನ್ನಿಗೆ ಕಡಲೆಕಾಳಿನಷ್ಟು ಒಂದು ಕೆಂಪು ಗಾಜಿನ ಕಿಟಕಿ ಇದೆ. ಪಕ್ಕದ ಕಿವಿಯಂಥ ಗುಂಡಿ ತಿರುವಿದರೆ ರೀಲಿನ ಹಿಂದಿನ ಕಾಗದದ ಮೇಲೆ ಅಚ್ಚಾದ ಅಂಕಿ ಆ ಕಿಟಕಿಯಲ್ಲಿ ಬಂದು ನಿಲ್ಲಬೇಕು. ಒಂದು ಬಂದರೆ ಒಂದನೆಯ ಫೋಟೋ, ಎರಡು ಬಂದರೆ ಎರಡನೆಯದು. ಈಗಿನ ಕಾಗದದ ಮೇಲೆ ಆ ಅಂಕಿಗಳು ಇದ್ದೂ ಇಲ್ಲದ ಹಾಗಿವೆ.

ಹತ್ತಿಕುಣಿ ಡ್ಯಾಮಿನ ಮೇಲೆ ಮೊದಲನೆಯ ಫೋಟೋ ತೆಗೆದೆವು. ಆಮೇಲೆ ಅಂಕಿ ಎರಡು ಸಿಗಲೇ ಇಲ್ಲ. ಬಿಸಿಲಿಗೆ ಅಡ್ಡವಾಗಿ ನನ್ನ ಸೆರಗನ್ನು ಇಬ್ಬರ ತಲೆಯ ಮೇಲೂ ಹೊದ್ದುಕೊಂಡು, ಕ್ಯಾಮೆರಾದ ಬೆನ್ನಿಗೆ ಮೂಗು ತಾಗಿಸಿ ಹುಡುಕುತ್ತಿದ್ದೆವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬಾತ ಸೈಕಲ್ ಮೋಟಾರು ನಿಲ್ಲಿಸಿದ.

"ಏನ್ ಹುಡುಕಾಕತ್ತೀರಿ ಬಾಯಾರ?"

"ಎರಡು," ಎಂದೆ.

"ಎರಡು ಏನ್ರಿ?"

"ಬರೇ ಎರಡು."

ಆತ ಸ್ವಲ್ಪ ಹೊತ್ತು ನೆಲ ನೋಡಿ, ಸಿಗಲಿಲ್ಲವೆಂಬಂತೆ ತಲೆಯಾಡಿಸಿ ಹೋದ.

ರೀಲನ್ನು ದೂರದ ಊರಿಗೆ ಟಪಾಲಿನಲ್ಲಿ ಕಳಿಸಿದೆವು. ಅವರು ಅದನ್ನು ತೊಳೆದು, ಫೋಟೋಗಳನ್ನು ರೇಖಾಳ ಮೊಬೈಲಿಗೆ ಹಾಕಿದರು. ಇಷ್ಟೆಲ್ಲ ಊರು ಸುತ್ತಿ, ಹನ್ನೆರಡು ಊಟ ಉಂಡು, ಕೊನೆಗೆ ಮೊಬೈಲಿಗೇ ಬಂದು ಕೂತವಲ್ಲ ಎಂದು ಇಬ್ಬರೂ ನಕ್ಕೆವು. ಆದರೆ ಫೋಟೋ ನೋಡಿ ನಗು ನಿಂತಿತು. ಡ್ಯಾಮಿನ ನೀರಿನ ಮೇಲಿನ ಒಂದೊಂದು ಸುಕ್ಕೂ, ದಂಡೆಯ ಒಂದೊಂದು ಕಲ್ಲೂ ಕಾಣುತ್ತಿತ್ತು. ರೇಖಾ ಬಹಳ ಹೊತ್ತು ನೋಡಿದಳು.

"ಅತ್ತಿ, ನಾ ದಿನಕ್ಕ ಎಷ್ಟ್ ಫೋಟೋ ತಗೀತೀನೋ ನನಗ ಗೊತ್ತಿಲ್ಲ. ಆವಾಗ ನಿಮಗ ಹನ್ನೆರಡ. ಅಷ್ಟರಾಗ ಏನ್ ತಗೀತಿದ್ರಿ?"

ಅವಳಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕ್ಯಾಮೆರಾ ಮೊದಲು ನನ್ನದಾಗಿರಲಿಲ್ಲ. ರೇಖಾಳ ಅಪ್ಪ, ಅಂದರೆ ನನ್ನ ಅಣ್ಣ, ಹೈದರಾಬಾದಿಗೆ ಹೋದಾಗ ಯಾರದೋ ಕೈಯಿಂದ ಹಳೆಯದು ಕೊಂಡು ತಂದಿದ್ದ. ನಾನಾಗ ಲಂಗ ತೊಡುವ ಹುಡುಗಿ. ಅಣ್ಣ ಫೋಟೋ ತೆಗೆದದ್ದಕ್ಕಿಂತ ಅವನು ಬಿಸಾಡಿದ ಖಾಲಿ ಸುರುಳಿಗಳೇ ನನಗೆ ಹೆಚ್ಚು ಬೇಕಾಗಿದ್ದವು. ಎರಡೂ ತುದಿಗೆ ಗಾಲಿಯಿದ್ದ ಆ ಸುರುಳಿಗೆ ದಾರ ಕಟ್ಟಿ ಎಳೆದರೆ ನಮ್ಮ ಅಂಗಳದ ಬಂಡಿ. ಒಳಗೆ ಕಪ್ಪಾಗಿ ಹೊರಗೆ ಕೆಂಪಾಗಿದ್ದ ಉದ್ದನೆಯ ಕಾಗದ ನನ್ನ ಗೊಂಬೆಯ ಮದುವೆಯ ಸೀರೆ. ಯಾದಗಿರಿಯ ಕೋಟೆ ಗುಡ್ಡದ ಮೇಲೆ ನಮ್ಮನ್ನೆಲ್ಲ ನಿಲ್ಲಿಸಿ ಅಣ್ಣ, 'ಉಸಿರು ಬಿಡಬ್ಯಾಡ್ರಿ' ಎನ್ನುತ್ತಿದ್ದ. ಅವ್ವ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದಳೆಂದರೆ, ಆ ಕಾಲದ ನಮ್ಮ ಎಲ್ಲ ಫೋಟೋಗಳಲ್ಲೂ ಅವಳು ನೀರಿನಲ್ಲಿ ಮುಳುಗಿ ಈಗಷ್ಟೇ ಮೇಲೆ ಬಂದವಳ ಹಾಗೆ ಕಾಣುತ್ತಾಳೆ.

ನಾನು ಟೀಚರಾಗಿ ಬೋನಾಳದ ಕಡೆಯ ಒಂದು ಹಳ್ಳಿಗೆ ನೇಮಕವಾಗುವ ಹೊತ್ತಿಗೆ ಸಣ್ಣ ರೀಲಿನ ಕ್ಯಾಮೆರಾಗಳು ಬಂದಿದ್ದವು. ಒಂದು ರೀಲಿಗೆ ಮೂವತ್ತಾರು ಫೋಟೋ, ಅದೂ ಬಣ್ಣದವು. ಅಣ್ಣ ಅಂಥದೊಂದು ಕೊಂಡು, 'ಇದನ್ನ ನೀ ಒಯ್ಯಿ, ಒಬ್ಬಾಕಿನ ಇರ್ತಿ, ಬ್ಯಾಸರ ಹೋಗ್ತದ' ಎಂದು ಈ ಡಬ್ಬಿಯನ್ನು ನನ್ನ ಚೀಲಕ್ಕೆ ಹಾಕಿದ.

ಬೇಸರ ಹೋಯಿತೋ ಇಲ್ಲವೋ, ಊರಿಗೆ ನಗು ಬಂತು. ಈ ಕ್ಯಾಮೆರಾದಲ್ಲಿ ಕಣ್ಣಿಗೆ ಹಿಡಿದು ನೋಡುವುದಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ, ಮೇಲಿನ ಗಾಜಿನಲ್ಲಿ ನೋಡಬೇಕು. ಅದರಲ್ಲಿ ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ. ಬೋನಾಳ ಕೆರೆಯ ಹಕ್ಕಿಗಳ ಫೋಟೋ ತೆಗೆಯುವ ಹುಮ್ಮಸ್ಸು ನನಗೆ. ಹಕ್ಕಿ ಒಂದು ಕಡೆ ಈಜಿದರೆ ಗಾಜಿನಲ್ಲಿ ಇನ್ನೊಂದು ಕಡೆ. ನಾನು ಗಾಜನ್ನು ನಂಬಿ ತಿರುಗುತ್ತಿದ್ದೆ. ಆ ವರ್ಷ ಬೋನಾಳದ ಖಾಲಿ ನೀರನ್ನು ನನ್ನಷ್ಟು ಫೋಟೋ ತೆಗೆದವರು ಇನ್ನೊಬ್ಬರಿಲ್ಲ. ಮನುಷ್ಯರಾದರೆ ಒಂದು ಕಡೆ ನಿಲ್ಲುತ್ತಾರಲ್ಲ ಎಂದು ಅವರ ಫೋಟೋ ತೆಗೆದರೆ ತಲೆ ಹೋಗುತ್ತಿತ್ತು. 'ತಲಿ ಕಡಿಯೋ ಟೀಚರ' ಎಂದು ಊರಿನಲ್ಲಿ ಹೆಸರಾಯಿತು. ಶಾಲೆಯಲ್ಲಿ ಒಬ್ಬ ಹುಡುಗನಿಗೂ ನಾನು ಹೊಡೆದದ್ದಿಲ್ಲ, ಆದರೂ ಹೆಸರು ಹಾಗೆ.

ಅದು ಕಾಲುವೆ ಬರುತ್ತಿದ್ದ ಕಾಲ. ನಮ್ಮ ಕಡೆ ಈಗಲೂ ಜನ ವರ್ಷ ಹೇಳುವುದಿಲ್ಲ. 'ಕಾಲುವಿ ಬರೋಕಿಂತ ಮೊದಲು', 'ಕಾಲುವಿ ಬಂದ ಮ್ಯಾಲ' ಎನ್ನುತ್ತಾರೆ. ಶಹಾಪುರ, ಸುರಪುರದ ಹೊಲಗಳ ನಡುವೆ ಅಗೆದ ಮಣ್ಣು ಗುಡ್ಡಗುಡ್ಡವಾಗಿ ಬಿದ್ದಿತ್ತು. ನಮ್ಮ ಶಾಲೆಯ ಹಿಂದೆಯೇ ಒಂದು ಉಪಕಾಲುವೆ. ಅಗೆತ ಮುಗಿದು, ತಳಕ್ಕೂ ಇಳಿಜಾರಿಗೂ ಚಪ್ಪಟೆಯ ಪರಸಿ ಕಲ್ಲು ಹಾಸುವ ಕೆಲಸ ನಡೆದಿತ್ತು. ಕಲ್ಲು ಹೊರುವುದು, ಮರಂ ಎನ್ನುವ ಗರಸು ಮಣ್ಣು ಹೊತ್ತು ಸುರಿದು ಹಿಡಿಕೆಯ ದಿಮ್ಮಸಿನಿಂದ ಬಡಿಯುವುದು ಹೆಂಗಸರ ಪಾಲಿನ ಕೆಲಸ. ಮಧ್ಯಾಹ್ನ ಅವರು ನೀರಿಗಾಗಿ ನಮ್ಮ ಶಾಲೆಯ ಕೈಪಂಪಿಗೆ ಬರುತ್ತಿದ್ದರು. ಆ ಗುಂಪಿಗೆ ಮುಂದಾಳು ಭೀಮಬಾಯಿ. ನನಗಿಂತ ಹದಿನೈದಿಪ್ಪತ್ತು ವರ್ಷ ದೊಡ್ಡವಳು. ಎತ್ತರದ ಆಳು, ಗಟ್ಟಿ ಗಂಟಲು. ಅವಳು ದೂರದಲ್ಲಿ ಮಾತಾಡಿದರೂ ನನ್ನ ಮಕ್ಕಳು ಪಾಠ ಬಿಟ್ಟು ಕಿಟಕಿ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅವಳು ನೀರು ಕುಡಿದು, ಬಾಯಿ ಒರೆಸಿಕೊಂಡು, ನೇರ ನನ್ನ ಹತ್ತಿರ ಬಂದಳು.

"ಟೀಚರ, ನಿಮ್ಮ ಡಬ್ಬ್ಯಾಗ ಫೋಟೋ ಬರ್ತಾವಂತಲ್ರಿ, ಖರೆ ಏನು?"

"ಬರ್ತಾವ. ಒಮ್ಮೊಮ್ಮೆ ತಲಿ ಬರಂಗಿಲ್ಲ."

"ತಲಿ ಬರಲಿಲ್ಲಂದ್ರ ನಡೀತದ. ಕಾಲು ಬರಬೇಕು."

"ಕಾಲು ಯಾಕ?"

"ಕಾಲುವ್ಯಾಗ ನಿಂತಿದ್ದು ಕಾಣಬೇಕಲ್ರಿ." ಅವಳು ಶಾಲೆಯ ಕಟ್ಟೆಯ ಮೇಲೆ ಕುಳಿತಳು. "ಮುಂದಿನ ವಾರ ನೀರು ಬಿಡ್ತಾರಂತ. ನೀರು ಬಂದ ಮ್ಯಾಲ ಎಲ್ಲಾರೂ ನೀರು ನೋಡ್ತಾರ. ತಳ ಯಾರು ನೋಡ್ತಾರ? ತಳ ಮಾಡಿದವ್ರು ನಾವು. ಮುಚ್ಚಿ ಹೋಗೋದ್ರಾಗ ನಮ್ಮನ್ನ ಅಲ್ಲಿ ನಿಂದ್ರಿಸಿ ಒಂದು ಫೋಟೋ ತಗೀರಿ."

ನನ್ನ ಹತ್ತಿರ ಇದ್ದದ್ದು ಒಂದೇ ರೀಲು. ಆಗಲೂ ಈ ರೀಲು ಅಗ್ಗವೇನಲ್ಲ, ಅದಕ್ಕಿಂತ ಹೆಚ್ಚಾಗಿ ಸಿಗುತ್ತಿರಲಿಲ್ಲ. ಸುರಪುರದಲ್ಲಿ ಸ್ಟುಡಿಯೋ ಇಟ್ಟಿದ್ದ ಖಾಜಾಸಾಬರು, 'ಟೀಚರಮ್ಮ, ಇದು ಆಖರಿ ಅದ. ಈಗ ಎಲ್ಲಾರೂ ಸಣ್ಣ ರೀಲು ಕೇಳ್ತಾರ. ಹೈದರಾಬಾದಿಂದ ಯಾವಾಗ ಬರ್ತದೋ ಅಲ್ಲಾನ ಬಲ್ಲ' ಎಂದು ಕೊಟ್ಟ ರೀಲು ಅದು. ಅದರ ಮೇಲೆ ನಮ್ಮ ಹೆಡ್ಮಾಸ್ತರ್ ಸಂಗಪ್ಪ ಸರ್ ಆಗಲೇ ಕಣ್ಣು ಹಾಕಿದ್ದರು. ನೀರು ಬಿಡುವ ದಿನ ನೀರಾವರಿ ಇಲಾಖೆಯ ದೊಡ್ಡ ಸಾಹೇಬರು ಬರುವವರಿದ್ದರು. ಪೆಂಡಾಲು, ಹಾರ, ಶಾಲು, ಮಕ್ಕಳಿಂದ ಸ್ವಾಗತಗೀತೆ. ಹಾರ ಹಾಕುವಾಗ ತಾವು ಸಾಹೇಬರ ಪಕ್ಕದಲ್ಲಿರುವ ಒಂದು ಫೋಟೋ ಶಾಲೆಯ ಗೋಡೆಗೆ ಬೇಕೆಂದು ಸರ್ ಆಸೆ. 'ರೀಲು ಜ್ವಾಪಾನ ಇಡ್ರಿ ಟೀಚರ' ಎಂದು ಅವರು ದಿನಾ ವಿಚಾರಿಸುತ್ತಿದ್ದರು, ರೀಲು ಬಾಣಂತಿಯೇನೋ ಎಂಬಂತೆ. ನಾನು 'ನೋಡೋಣ್ರಿ ಸರ್' ಎನ್ನುತ್ತಿದ್ದೆ.

"ಒಂದು ಫೋಟೋ ತಾನ?" ಎಂದು ಭೀಮಬಾಯಿಯನ್ನು ಕೇಳಿದೆ.

"ಒಂದ ಸಾಕ್ರಿ. ನಮಗೇನು ಲಗ್ನ ಐತೇನು?"

ಅಮಾವಾಸ್ಯೆಯ ದಿನ ಕೆಲಸಕ್ಕೆ ಸೂಟಿ. ಬೆಳಿಗ್ಗೆ ನಾನು ಕಾಲುವೆಯ ಹತ್ತಿರ ಹೋದಾಗ ಗುರುತೇ ಸಿಗಲಿಲ್ಲ. ದಿನಾ ಧೂಳಿನಲ್ಲಿ ಒಂದೇ ಬಣ್ಣವಾಗಿ ಕಾಣುತ್ತಿದ್ದ ಹೆಂಗಸರು ಇಳಕಲ್ ಸೀರೆ ಉಟ್ಟು, ಎಣ್ಣೆ ಹಚ್ಚಿ ತಲೆ ಬಾಚಿ, ಅಬ್ಬಲಿಗೆ ಮುಡಿದು ನಿಂತಿದ್ದರು. ಕಲ್ಲು ಹೊರುವ ಕಬ್ಬಿಣದ ಬುಟ್ಟಿಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಂದಿದ್ದರು. ಅವು ಬೀಗರಿಗೆ ಬಡಿಸುವ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ತಳಕ್ಕೆ ಇಳಿಯುವ ಮೊದಲು ಭೀಮಬಾಯಿ ಚಪ್ಪಲಿ ಬಿಟ್ಟಳು. ಉಳಿದವರೂ ಬಿಟ್ಟರು. ನಿನ್ನೆಯವರೆಗೆ ಅಲ್ಲಿಯೇ ಚಪ್ಪಲಿ ಮೆಟ್ಟಿ ಕಲ್ಲು ಹೊತ್ತವರು. ನಾನು ನೋಡಿದ್ದನ್ನು ಕಂಡು ಅವಳೇ ಹೇಳಿದಳು.

"ನಿನ್ನಿ ತನಕ ಕೆಲಸದ ಜಾಗ ಇತ್ತು. ಇವತ್ತ ಮುಗೀತು. ಇನ್ನ ಗಂಗವ್ವನ ಮನಿ ಅದು."

ನಾನೂ ಚಪ್ಪಲಿ ಬಿಟ್ಟು ಇಳಿದೆ. ಪರಸಿ ಕಲ್ಲು ಬೆಳಗಿನ ಬಿಸಿಲಿಗೆ ಆಗಲೇ ಬೆಚ್ಚಗಾಗಿತ್ತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಎಲ್ಲರೂ ಹಿಡಿಯುವಷ್ಟು ಹಿಂದಕ್ಕೆ ಹೋದೆ. ಭೀಮಬಾಯಿ ಸಾಲು ಬಿಟ್ಟು ನನ್ನ ಹಿಂದೆಯೇ ಬಂದು ಗಾಜಿನೊಳಗೆ ಇಣುಕಿದಳು.

"ಇದರಾಗ ಹಂಪವ್ವ ಯಾರು, ದೇವಕ್ಕ ಯಾರು? ಎಳ್ಳು ಚೆಲ್ಲಿದಂಗ ಕಾಣ್ತದಲ್ರಿ."

"ಭಾಳ ಮಂದಿ ಇದ್ದೀರಿ. ಎಲ್ಲಾರೂ ಒಂದರಾಗ ಬಂದ್ರ ಸಣ್ಣಗ ಕಾಣ್ತೀರಿ."

ಅವಳು ಸಾಲಿಗೆ ಮರಳಿ ತನ್ನ ಜಾಗದಲ್ಲಿ ನಿಂತಳು. ಒಂದೇ ಸಾಕೆಂದು ತಾನೇ ಹೇಳಿದ್ದಳಲ್ಲ. ಆ ಎಳ್ಳುಕಾಳುಗಳು ಗಾಜಿನಲ್ಲಿ ಉಸಿರು ಹಿಡಿದು ನಿಂತಿದ್ದವು. ಹಾರ ಹಿಡಿದ ಸಂಗಪ್ಪ ಸರ್ ಕೂಡ ಒಂದು ಕ್ಷಣ ನನ್ನ ಕಣ್ಣ ಮುಂದೆ ಬಂದರು. ಸಾಹೇಬರು ಎಲ್ಲಿ ಹೋದರೂ ಅವರ ಫೋಟೋ ತೆಗೆಯುವವರಿದ್ದಾರೆ ಎನ್ನಿಸಿತು.

"ಮೂರ್ಮೂರು ಮಂದಿ ಬರ್ರಿ," ಎಂದೆ.

ಆಮೇಲೆ ನಡೆದದ್ದು ಫೋಟೋ ತೆಗೆಯುವುದೋ ಮದುವೆಯೋ ಹೇಳಲಾರೆ. ಯಾರು ಯಾರ ಜೊತೆ ನಿಲ್ಲಬೇಕೆಂದು ಜಗಳ, ಜಗಳದ ನಡುವೆ ನಗು. ಅತ್ತೆ ಸೊಸೆ ಇಬ್ಬರಿದ್ದರು. 'ಮನ್ಯಾಗ ಜೋಡಿ ಇರೋದು ಸಾಕು, ಫೋಟೋದಾಗ ಬ್ಯಾಡ' ಎಂದು ಸೊಸೆ ಬೇರೆ ಗುಂಪಿಗೆ ಹೋದಳು. ಅತ್ತೆ ಅಲ್ಲಿಗೂ ಬಂದು ನಿಂತಳು. ಒಬ್ಬಳು ದಿಮ್ಮಸನ್ನು ಕೂಸಿನಂತೆ ಎತ್ತಿಕೊಂಡಳು. ಎಲ್ಲರಿಗಿಂತ ಹಿರಿಯಳಾದ ಹಂಪವ್ವ ತಾನು ನಿಲ್ಲುವುದಿಲ್ಲ, ತಾನು ಹೊತ್ತ ಕಲ್ಲಿನ ಮೇಲೆ ಕಾಲು ಚಾಚಿ ಕೂರುತ್ತೇನೆಂದಳು. 'ಇಷ್ಟ ದಿನ ಕೂಡಾಕ ಬಿಟ್ಟಿಲ್ಲ ಯಾರೂ' ಎಂದಳು. ಕೂರಿಸಿಯೇ ತೆಗೆದೆ. ನಾನು ಉಸಿರು ಹಿಡಿಯಿರಿ ಎನ್ನಲಿಲ್ಲ. ಅವರಿಗೆ ಅದು ಆಗುವ ಮಾತೂ ಆಗಿರಲಿಲ್ಲ.

ಕೆಂಪು ಕಿಟಕಿಯಲ್ಲಿ ಹನ್ನೆರಡು ಬಂತು. ಕೊನೆಯದು ಎಂದೆ. ಇನ್ನೊಮ್ಮೆ ನಿಲ್ಲಲು ಎಲ್ಲರೂ ಮುಂದೆ ಬಂದರು. ಭೀಮಬಾಯಿ ಕೈ ಅಡ್ಡ ಹಿಡಿದಳು.

"ಮಂದಿ ಸಾಕು. ಎಲ್ಲಾರೂ ಮ್ಯಾಲ ಏರ್ರಿ. ಇದೊಂದು ಬರೇ ಕಾಲುವಿದು ತಗೀರಿ ಟೀಚರ. ಹೆಂಗ ಮಾಡಿದ್ವಿ ಅಂತ ಗೊತ್ತಾಗ್ಲಿ."

ಎಲ್ಲರೂ ದಂಡೆ ಹತ್ತಿದರು. ಖಾಲಿ ಕಾಲುವೆ ನೆಟ್ಟಗೆ ಹೋಗಿ ದೂರದಲ್ಲಿ ಜಾಲಿಗಿಡಗಳ ಹತ್ತಿರ ತಿರುಗಿತ್ತು. ಒಂದು ಕಲ್ಲೂ ಏರುಪೇರಿಲ್ಲ. ಕಟಕ್ ಅಂತು. ರೀಲನ್ನು ಸುತ್ತಿ, ಹೊರಗೆ ತೆಗೆದು, ಅಂಟಿನ ಪಟ್ಟಿಗೆ ನಾಲಗೆ ತಾಗಿಸಿ ಮುಚ್ಚಿದೆ. ಆ ಅಂಟಿನ ರುಚಿ ಬೇವಿನ ಹಾಗೆ. ನನ್ನ ಮುಖ ನೋಡಿ ಹಂಪವ್ವ ತನ್ನ ಸೊಂಟದ ಚೀಲದಿಂದ ಬೆಲ್ಲದ ತುಣುಕು ತೆಗೆದು ಕೊಟ್ಟಳು.

ಮರುದಿನ ಸಂಗಪ್ಪ ಸರ್‌ಗೆ ಹೇಳಿದೆ.

"ಹನ್ನೆರಡೂ?" ಎಂದರು.

"ಹನ್ನೆರಡೂ, ಸರ್."

ಅವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಬಯ್ಯಲಿಲ್ಲ. "ನಾ ಹೊಸಾ ಕೋಟು ಹೊಲಿಸೀನಿ ಟೀಚರ," ಎಂದರು. ಬಯ್ದಿದ್ದರೆ ವಾಸಿಯಿತ್ತು.

ರೀಲು ಹಿಡಿದು ಸುರಪುರಕ್ಕೆ ಹೋದರೆ ಖಾಜಾಸಾಬರು ಅದನ್ನು ಕೈಯಲ್ಲಿ ಹಿಡಿದು ಆಕಾಶ ನೋಡಿದರು.

"ಟೀಚರಮ್ಮ, ಬಿಸಿಲು ಹಿಂಗದ. ಬೋರಿನ ನೀರು ಚಾ ಆಗ್ಯಾದ, ಮ್ಯಾಲ ಸವುಳು. ಈ ರೀಲಿಗೆ ಬಳದ ಮಸಾಲಿ ನಾಜೂಕು. ಇದರಾಗ ತೊಳದ್ರ ಮೇಣ ಇಳಿದಂಗ ಇಳೀತದ, ಇಲ್ಲಾ ಬಿಳಿ ಚಿಕ್ಕಿ ಬೀಳ್ತಾವ. ಲಗ್ನದ ಫೋಟೋ ಆದ್ರ ಮತ್ತೊಮ್ಮೆ ನಿಂದ್ರಿಸಿ ತಗೀಬಹುದು. ಇದು?"

ಇದು ಮತ್ತೊಮ್ಮೆ ಆಗದು. ನೀರು ಬರುವುದಕ್ಕೆ ಇನ್ನು ಕೆಲವೇ ದಿನ, ರೀಲೂ ಇನ್ನೊಂದಿಲ್ಲ. ತಂಪಾದ ಸಿಹಿನೀರು ತಂದರೆ ಮಾಡಿಕೊಡುವೆನೆಂದರು. ಊರಿಗೆ ಬಂದು ಭೀಮಬಾಯಿಗೆ ಹೇಳಿದೆ. ಅವಳು ಹೆಚ್ಚು ಕೇಳಲಿಲ್ಲ. ಮರುದಿನ ಮೊದಲ ಬಸ್ಸಿಗೆ ಅವಳ ತಲೆಯ ಮೇಲೆ ಮಣ್ಣಿನ ಕೊಡ, ಕೊಡಕ್ಕೆ ಒದ್ದೆ ಗೋಣಿತಾಟು, ಬಾಯಿಗೆ ಬಟ್ಟೆ. ಹೊಲದ ನಡುವಿನ ಸೇದುವ ಬಾವಿಯಿಂದ ತುಂಬಿ ತಂದಿದ್ದಳು.

ಬಸ್ಸಿನ ಕಂಡಕ್ಟರ್ ಕೊಡವನ್ನು ನೋಡಿ, "ಇದಕ್ಕ ಲಗೇಜ್ ಟಿಕೀಟು ತಗೀಬೇಕವ್ವಾ," ಎಂದ.

"ತೊಡಿ ಮ್ಯಾಲ ಕುಂದ್ರಸ್ಕೊಂಡ ಕೂಸಿಗೆ ಟಿಕೀಟು ಐತೇನು?"

"ಕೂಸಿಗಿಲ್ಲ."

"ಇದು ನನ್ನ ಕೂಸು. ತೊಡಿ ಮ್ಯಾಲ ಕುಂತದ ನೋಡು. ಅಳಂಗಿಲ್ಲ ಸುದ್ದಾ."

ಬಸ್ಸೆಲ್ಲ ನಕ್ಕಿತು, ಕಂಡಕ್ಟರನೂ ನಕ್ಕ. ಮುಂದೆ ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಅವನೇ ಡ್ರೈವರನಿಗೆ, "ಸಾವಕಾಶ ಹೋಗಪ್ಪ, ಕೂಸು ಐತಿ," ಎನ್ನುತ್ತ ಬಂದ.

ಖಾಜಾಸಾಬರು ಕೊಡದೊಳಗೆ ಬೆರಳದ್ದಿ, ನಾಲಗೆಗೆ ಹಚ್ಚಿಕೊಂಡು, "ಬೇಷ್," ಎಂದು ಕತ್ತಲಕೋಣೆಗೆ ಹೋದರು. ನಾವಿಬ್ಬರೂ ಕಪ್ಪು ಪರದೆಯ ಹೊರಗೆ ಕುಳಿತೆವು. ಒಳಗೆ ನೀರು ಸುರಿವ ಸದ್ದು, ಏನೋ ಅಲುಗಾಡಿಸುವ ಸದ್ದು, ನಡುನಡುವೆ ಅವರ ಕೆಮ್ಮು. ಭೀಮಬಾಯಿ ಹೆರಿಗೆ ಮನೆಯ ಹೊರಗೆ ಕುಳಿತವಳಂತೆ ಪ್ರತಿ ಸದ್ದಿಗೂ ನನ್ನ ಮುಖ ನೋಡುತ್ತಿದ್ದಳು. ಅಷ್ಟು ದೊಡ್ಡ ಗಂಟಲಿನವಳು ಅಂದು ಪಿಸುಗುಟ್ಟಿದಳು: "ಆಗ್ತದಲ್ರಿ?"

"ಆಗ್ತದ," ಎಂದೆ. ನನಗೂ ಗೊತ್ತಿರಲಿಲ್ಲ.

ಪರದೆ ಸರಿಸಿ ಖಾಜಾಸಾಬರು ಬಂದರು. ಕೈಯಲ್ಲಿ ಉದ್ದನೆಯ ಒದ್ದೆ ಪಟ್ಟಿ. ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಚಿಕ್ಕಿಯಿಲ್ಲ, ಒಂದು ಗೆರೆಯಿಲ್ಲ. ಹನ್ನೆರಡು ಚೌಕಗಳು ಒಂದರ ಕೆಳಗೊಂದು ಇಳಿಬಿದ್ದಿದ್ದವು. ಭೀಮಬಾಯಿ ಹತ್ತಿರ ಹೋಗಿ ನೋಡಿ ಹಿಂದೆ ಸರಿದಳು.

"ಇವರ್ಯಾರ್ರಿ ಮುದಕ್ಯಾರು? ಕೂದಲಾ ಬೆಳ್ಳಗ, ಹಲ್ಲು ಕರ್ರಗ."

"ಇದು ಉಲ್ಟಾ ಅದವ್ವ. ಕಾಗದದ ಮ್ಯಾಲ ಸೀದಾ ಬರ್ತದ," ಎಂದು ಖಾಜಾಸಾಬರು ನಕ್ಕರು. ಕೊಡದಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಅವರು ಒಂದು ಲೋಟ ತುಂಬಿಕೊಂಡು ಕುಡಿದರು, ನಮಗೂ ಕೊಟ್ಟರು. ಅಷ್ಟು ಸಿಹಿಯಾದ ನೀರನ್ನು ನಾನು ಸುರಪುರದಲ್ಲಿ ಅದಕ್ಕೆ ಮೊದಲು ಕುಡಿದಿರಲಿಲ್ಲ.

ಅಚ್ಚು ಹಾಕಿದಾಗ ಗೊತ್ತಾಯಿತು, ಒಂದು ಫೋಟೋದಲ್ಲಿ ನನ್ನ ಹಳೆಯ ಚಟ ಬಿಟ್ಟಿರಲಿಲ್ಲ. ಮೂವರು ಹೆಂಗಸರು, ಒಬ್ಬರಿಗೂ ತಲೆಯಿಲ್ಲ. ಅದರಲ್ಲಿ ನಡುವೆ ನಿಂತವಳು ಭೀಮಬಾಯಿ. ನಾನು ಅದನ್ನು ಹಿಂದೆ ಮುಚ್ಚಿಡಲು ನೋಡಿದೆ. ಅವಳು ಕಸಿದುಕೊಂಡಳು. ಪರಸಿ ಕಲ್ಲಿನ ಮೇಲೆ ಆರು ಕಾಲುಗಳು, ಕಾಲುಂಗುರ, ಒಡೆದ ಹಿಮ್ಮಡಿ, ಕಲ್ಲಿನ ಸಂದು ಎಲ್ಲ ಸ್ಪಷ್ಟವಾಗಿದ್ದವು.

"ಇದು ದೇವಕ್ಕಂದು. ಇದು ನಂದು, ನೋಡ್ರಿ, ಹೆಬ್ಬಟ್ಟಿನ ಮ್ಯಾಲ ಕಲ್ಲು ಬಿದ್ದು ಉಗುರು ಹೋಗಿತ್ತಲ್ಲ, ಹೊಸದು ಬರಾಕತ್ಯದ." ಬಹಳ ಹೊತ್ತು ನೋಡಿ ಹೇಳಿದಳು, "ಇದನ್ನ ನನಗ ಕೊಡ್ರಿ. ಇದ ಚಲೋ ಬಂದದ."

ಇನ್ನು ನೀರು ಬಂದ ದಿನ. ಪೆಂಡಾಲು ಸಿದ್ಧವಾಗಿತ್ತು, ಸಂಗಪ್ಪ ಸರ್ ಹೊಸ ಕೋಟು ಹಾಕಿಕೊಂಡು ಹಾರ ಹಿಡಿದು ನಿಂತಿದ್ದರು, ಮಕ್ಕಳು ಸ್ವಾಗತಗೀತೆ ಹಾಡಿ ಹಾಡಿ ಗಂಟಲು ಕೂರಿಸಿಕೊಂಡಿದ್ದರು. ಸಾಹೇಬರ ಜೀಪಿನ ಸುಳಿವಿಲ್ಲ. ಅಷ್ಟರಲ್ಲಿ ಜಾಲಿಗಿಡಗಳ ಕಡೆಯಿಂದ ಒಣ ಎಲೆ ಉಜ್ಜಿದಂಥ ಸದ್ದು ಬಂತು. ಮೇಲಿನ ಗೇಟು ಎತ್ತುವವನಿಗೆ ಯಾರೂ ತಡೆ ಎಂದು ಹೇಳಿರಲಿಲ್ಲವೋ ಏನೋ, ಸಾಹೇಬರಿಗಿಂತ ಮೊದಲು ನೀರೇ ಬಂದುಬಿಟ್ಟಿತ್ತು.

ನೀವು ತುಂಬಿ ಹರಿಯುವ ಕಾಲುವೆ ನೋಡಿರಬಹುದು. ಒಣ ಕಾಲುವೆಗೆ ಮೊದಲ ನೀರು ಬರುವುದನ್ನು ನೋಡಿದ್ದೀರೋ ಇಲ್ಲವೋ. ಅದು ನುಗ್ಗಿ ಬರುವುದಿಲ್ಲ. ಹುಲ್ಲುಕಡ್ಡಿ, ಧೂಳು, ಕುರಿ ಹಿಕ್ಕೆ, ಯಾರದೋ ಹರಿದ ಚಪ್ಪಲಿ ಎಲ್ಲವನ್ನೂ ತುಟಿಯ ಮೇಲೆ ಹೊತ್ತುಕೊಂಡು, ನೊರೆ ಕಟ್ಟಿಕೊಂಡು, ನಡೆಯುವ ಮನುಷ್ಯನ ವೇಗದಲ್ಲಿ ಬರುತ್ತದೆ. ಊರಿಗೆ ಊರೇ ಪೆಂಡಾಲು ಬಿಟ್ಟು ದಂಡೆಗೆ ಓಡಿತು. ನೀರಿನ ತುದಿಯ ಜೊತೆ ಎಲ್ಲರೂ ನಡೆದೆವು. ಮದುಮಗನ ಮೆರವಣಿಗೆಯಲ್ಲಿ ನಡೆದ ಹಾಗೆ. ಮಕ್ಕಳು ಸಾಹೇಬರಿಗೆಂದು ಕಲಿತ ಹಾಡನ್ನು ನೀರಿಗೇ ಹಾಡಿದರು. 'ಬನ್ನಿರಿ ಮಾನ್ಯರೇ' ಎಂದು ಶುರುವಾಗುವ ಆ ಹಾಡು ಅಷ್ಟು ಸರಿಯಾಗಿ ಹೊಂದಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಭೀಮಬಾಯಿಯ ಗುಂಪಿನವರು ನೀರು ಯಾವ ಕಲ್ಲಿಗೆ ಬಂತೆಂದು ಕೂಗಿ ಹೇಳುತ್ತಿದ್ದರು. ಸಂಗಪ್ಪ ಸರ್ ಧೋತರ ಮೊಣಕಾಲಿಗೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ಕುಣಿಯುತ್ತ ನಡೆದಿದ್ದರು. ಕೈಯಲ್ಲಿ ಹಾರ ಹಾಗೇ ಇತ್ತು. ಒಂದು ಕಡೆ ನಿಂತು ಅತ್ತಿತ್ತ ನೋಡಿ, ಅದನ್ನು ನೀರಿಗೆ ಹಾಕಿ ಕೈಮುಗಿದರು.

ಜೀಪು ಬಂದದ್ದು ಆಮೇಲೆ. ಸಾಹೇಬರು ಒಳ್ಳೆಯವರು. ಪೆಂಡಾಲಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ, ತಾವೂ ಪ್ಯಾಂಟು ಮಡಿಚಿಕೊಂಡು ದಂಡೆಗೆ ಬಂದು, ಕಾಲುವೆಗೆ ಇಳಿಯುವ ಮೆಟ್ಟಿಲ ಮೇಲೆ ನಿಂತು ಮುಖ ತೊಳೆದುಕೊಂಡರು. ಫೋಟೋದ ಮಾತು ಯಾರೂ ಎತ್ತಲಿಲ್ಲ. ಸಂಗಪ್ಪ ಸರ್ ಮಾತ್ರ ಕೆಸರಾದ ಕೋಟು ಕೊಡವಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಟೀಚರ, ನಿಮ್ಮ ಡಬ್ಬಿ ಖಾಲಿ ಇದ್ದದ್ದು ಚಲೋ ಆತು. ನಾ ಕುಣಿದದ್ದು ಗ್ವಾಡಿ ಮ್ಯಾಲ ಬರ್ತಿತ್ತು."

ಫೋಟೋಗಳನ್ನು ಹಂಚಿದ್ದು ಅದರ ಮುಂದಿನ ಸಂಜೆ, ಕಾಲುವೆಯ ದಂಡೆಯ ಮೇಲೆಯೇ. ಅಂಗೈಗಿಂತ ಸಣ್ಣ ಚೌಕಗಳು. ಹೆಂಗಸರು ತಮ್ಮದನ್ನು ನೋಡಿ, ಇನ್ನೊಬ್ಬರದನ್ನು ನೋಡಿ, ಮತ್ತೆ ತಮ್ಮದನ್ನು ನೋಡಿದರು. ಸೊಸೆ ತನ್ನ ಫೋಟೋದಲ್ಲಿ ಅತ್ತೆಯ ಮುಖದ ಮೇಲೆ ಬೆರಳಿಟ್ಟು 'ಹಿಂಗ ಚಲೋ ಕಾಣ್ತದ' ಎಂದಳು, ಅತ್ತೆಯೂ ನಕ್ಕಳು. ಜನರಿಲ್ಲದ ಹನ್ನೆರಡನೆಯ ಫೋಟೋ ಯಾರಿಗೂ ಬೇಕಾಗಲಿಲ್ಲ, ಎಲ್ಲರಿಗೂ ಬೇಕಾಯಿತು. ಕೊನೆಗೆ ಅದನ್ನು ಸಂಗಪ್ಪ ಸರ್ ಇಸಿದುಕೊಂಡು ಶಾಲೆಯ ಗೋಡೆಗೆ ಹಾಕಿದರು.

ಆ ಹೊತ್ತಿಗೆ ಒಬ್ಬ ಕುರುಬ ಮುದುಕ ಕುರಿಹಿಂಡು ಹೊಡೆದುಕೊಂಡು ನೀರು ಕುಡಿಸಲು ಅಲ್ಲಿಗೆ ಬಂದ. ಎಲ್ಲಿಯವನೋ, ನಮ್ಮೂರಿನವನಲ್ಲ. ಕಾಲುವೆಯಲ್ಲಿ ನೀರು ದಡ ಮುಟ್ಟಿ ಕೆಂಪಗೆ ಹರಿಯುತ್ತಿತ್ತು. ಕಲ್ಲು ಎಲ್ಲಿದೆ, ತಳ ಎಲ್ಲಿದೆ, ಒಂದೂ ಕಾಣುವಂತಿರಲಿಲ್ಲ. ಭೀಮಬಾಯಿ ಎದ್ದು ಹೋಗಿ ತನ್ನ ಫೋಟೋವನ್ನು ಅವನ ಕಣ್ಣಿಗೆ ಹಿಡಿದಳು.

"ಏನವ್ವ ಇದು, ಬರೇ ಕಾಲು?"

"ನನ್ನ ಕಾಲು," ಎಂದಳು. ಆಮೇಲೆ ಹರಿಯುವ ನೀರಿನತ್ತ ಬೆರಳು ಮಾಡಿ ತೋರಿಸಿದಳು. "ಇಲ್ಲೇ. ಇದರ ಕೆಳಗ ನಿಂತೀನಿ ನೋಡು."

ಮುದುಕ ಫೋಟೋ ನೋಡಿದ, ನೀರು ನೋಡಿದ, ಮತ್ತೆ ಫೋಟೋ ನೋಡಿದ. ಬಾಯಿ ಹಾಕಲು ಬಗ್ಗಿದ್ದ ಕುರಿಗಳನ್ನು ಕೋಲಿನಿಂದ ತಡೆದು, ಅವಳು ತೋರಿಸಿದ ಜಾಗ ಬಿಟ್ಟು ನಾಲ್ಕು ಹೆಜ್ಜೆ ಕೆಳಗೆ ನಡೆಸಿಕೊಂಡು ಹೋಗಿ, ಅಲ್ಲಿ ಕುಡಿಯಬಿಟ್ಟ.